ತಡವಾಗಿ ಬಂದ ಗುಡುಗು

ಬೆಳ್ಳಟ್ಟಿ
ಪಂಚಮಿಯ ಮರುದಿನ, ೧೦-೮-೨೦೨೪

ಬೆಟಗೇರಿಯಲ್ಲಿ ಕೂತು ನಾಟಕ ಕಟ್ಟುವ ನನ್ನ ಅಣ್ಣನ ಮಗಳು ಸುಶ್ಮಿತಾಳಿಗೆ, ಊರೂರು ತಿರುಗಿ ಗುಡುಗಿ ಬಂದ ಕಾಕಾ ದ್ಯಾಮಪ್ಪನ ಆಶೀರ್ವಾದ.

ನಿನ್ನ ಪತ್ರ ನಾನು ಪಂಚಮಿಯ ಉಂಡಿ ತಿನ್ನುವ ಹೊತ್ತಿಗೆ ಬಂತು. ಶ್ರೀಪಾದ ಮಾಸ್ತರರು ತಮ್ಮ ಹೊಸ ನಾಟಕದ ಧ್ವನಿಯನ್ನೆಲ್ಲ ನಿನ್ನ ಕೈಗೆ ಕೊಟ್ಟಿದ್ದಾರೆ, ಉಳಿದದ್ದು ಲ್ಯಾಪ್‌ಟಾಪಿನಲ್ಲಿ ಆದರೂ ಗುಡುಗು ಮಾತ್ರ ಕಾಕಾನ ತಗಡಿನದೇ ಆಗಬೇಕು ಎಂದು ನೀನು ಹಟ ಹಿಡಿದಿದ್ದೀ ಎಂದು ಓದಿದೆ. ಖುಷಿಗೆ ಇನ್ನೆರಡು ಉಂಡಿ ತಿಂದೆ. ಬರುತ್ತೇನೆ. ತಗಡು ಅಟ್ಟದ ಮೇಲಿದೆ, ನನ್ನ ಹಾಗೆಯೇ ತುಕ್ಕು ಹಿಡಿದಿಲ್ಲ.

ಫೋನು ಮಾತ್ರ ಮಾಡಬೇಡ. ಫೋನಿನಲ್ಲಿ ಬರುವ ಧ್ವನಿ ಧ್ವನಿಯೇ ಅಲ್ಲ. ಧ್ವನಿ ತಿಳಿದವನಿಗೆ ಅದು ರೊಟ್ಟಿಯಲ್ಲಿ ಉಸುಕು ಸಿಕ್ಕ ಹಾಗೆ. ಪತ್ರ ಬರೆ. ನಾನು ಏಳನೆಯ ತನಕ ಓದಿದ್ದು ಏನಕ್ಕಾದರೂ ಉಪಯೋಗವಾಗಲಿ.

ಹಳೆಯ ಕಂಪನಿ ನಾಟಕಗಳಲ್ಲಿ ಹೆಂಗೆ ಮಾಡುತ್ತಿದ್ದಿರಿ ಎಂದು ಕೇಳಿದ್ದೀ. ಆಗ ಧ್ವನಿ ಅಡುಗೆಮನೆಯಲ್ಲಿ ಸಿಗುತ್ತಿತ್ತು. ಸಣ್ಣ ಮಳೆಗೆ ಕಾಳು ಕೇರುವ ಮರದಲ್ಲಿ ನವಣಿ ಆಡಿಸಬೇಕು, ದೊಡ್ಡ ಮಳೆಗೆ ಜೋಳ, ಆಲಿಕಲ್ಲಿಗೆ ಕಡಲೆ. ಮನೆಗೆ ಬೆಂಕಿ ಬಿದ್ದರೆ ಜೋಳದ ಒಣ ಎಲೆ, ರವದಿಯನ್ನು ಮೈಕಿನ ಹತ್ತಿರ ಮುಷ್ಟಿಯಲ್ಲಿ ಮುರಿಯಬೇಕು. ಕುದುರೆಗೆ ತೆಂಗಿನ ಚಿಪ್ಪು ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಆದರೆ ಕುದುರೆ ಹಸಿ ನೆಲದ ಮೇಲೆ ಬಂದರೆ ಚಿಪ್ಪಿಗೆ ಹಳೆಯ ಅರಿವೆ ಸುತ್ತಬೇಕು. ಇದು ನನ್ನ ಶೋಧ. ನಮ್ಮ ಕಂಪನಿಯ ನಿಜಾಮುದ್ದೀನ ಚಾಚಾನ ಶೋಧ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಇನ್ನು ಗುಡುಗು. ತಗಡನ್ನು ಬರೀ ಅಲ್ಲಾಡಿಸುವವನು ಡಬ್ಬಿ ಬಡಿಯುವವನು. ಮೊದಲು ಮುಂಗೈಯಿಂದ ಕಚಗುಳಿ ಇಡಬೇಕು, ತಗಡು ಹೊಟ್ಟೆಯೊಳಗೇ ಗೊಣಗಬೇಕು. ಆಮೇಲೆ ಒಮ್ಮೆಲೇ ಜಗ್ಗಿ ಬಿಡಬೇಕು. ಮುಂಡರಗಿ ಕ್ಯಾಂಪಿನಲ್ಲಿ ನನ್ನ ಗುಡುಗು ಕೇಳಿ ಸುತ್ತಲಿನ ಮನೆಯವರು ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯನ್ನು ಬಳಿದುಕೊಂಡು ಒಳಗೆ ಓಡಿದ್ದರು. ಬೇಕಾದರೆ ಹೋಗಿ ಕೇಳು. ಕೇಳಲು ಆಗಿನವರು ಯಾರೂ ಉಳಿದಿಲ್ಲ, ಅದು ಬೇರೆ ಮಾತು.

ಆದರೆ ಎಲ್ಲಕ್ಕೂ ಮಿಗಿಲಾದದ್ದು ಹೊತ್ತು. ಮಾತಿಗಿಂತ ಮೊದಲು ಬಂದರೆ ಅದು ಬರೀ ಮಳೆ. ಮಾತಿನ ಬೆನ್ನಿಗೇ ಬಂದರೆ ದೇವರು. ತಡವಾಗಿ ಬಂದರೆ ನಗೆ.

ನಗೆ ಅಂದೊಡನೆ ನೆನಪಾಯಿತು. ನನಗಿಂತ ಮೊದಲು ಗುಡುಗಿನ ಕೆಲಸ ಚಾಚಾನದು. ಗರ್ನಾಲು ಸಿಡಿಸಿ ಸಿಡಿಸಿ ಅವನ ಕಿವಿ ಹೋಗಿದ್ದವು. ಅವನ ಕಾಲಿನ ಹೆಬ್ಬೆರಳಿಗೆ ಒಂದು ಹುರಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮಾತು ಎತ್ತಿಕೊಡುವವನ ಕೈಯಲ್ಲಿ ಇಡುತ್ತಿದ್ದರು. ಅವನು ಜಗ್ಗಿದರೆ ಚಾಚಾ ಗುಡುಗುತ್ತಿದ್ದ. ಒಂದು ದಿನ ನಾಯಕಿ ತೊಟ್ಟಿಲ ಮುಂದೆ ಜೋಗುಳ ಹಾಡುವಾಗ ನಾನು ಮೆಲ್ಲಗೆ ಹೋಗಿ ಹುರಿ ಜಗ್ಗಿದೆ! ಗುಡುಗಿದ್ದೇ ಗುಡುಗಿದ್ದು. ಜನ ಬಿದ್ದು ಬಿದ್ದು ನಕ್ಕರು. ನಾನು ಪರದೆಯ ಹಿಂದೆ ನೆಲದ ಮೇಲೆ ಉರುಳಾಡಿದೆ. ನನಗೆ ಹುರಿಯ ಗೊಡವೆ ಎಂದೂ ಬರಲಿಲ್ಲ. ಕಿವಿ ಅಂದರೆ ದ್ಯಾಮಪ್ಪನ ಕಿವಿ.

ತಾಲೀಮು ಎಂದು ತಿಳಿಸು.

ನಿನ್ನ ಕಾಕಾ
ದ್ಯಾಮಪ್ಪ


ಬೆಟಗೇರಿ
೧-೯-೨೦೨೪

ಕಾಕಾ ಅವರಿಗೆ ಸುಶ್ಮಿತಾಳ ನಮಸ್ಕಾರಗಳು.

ಮೊನ್ನೆ ತಾಲೀಮಿಗೆ ಬಂದು ಹೋದಾಗಿನಿಂದ ಇಲ್ಲಿ ಎಲ್ಲರ ಬಾಯಲ್ಲಿ ನಿಮ್ಮದೇ ಮಾತು. ಗುಡುಗು ಕೇಳಿ ನಮ್ಮ ತಂಡದ ಸಮೀರ ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡ. ಶ್ರೀಪಾದ ಸರ್ ಮಾತ್ರ ಇನ್ನೂ ಅನುಮಾನದಲ್ಲಿದ್ದಾರೆ. "ರೆಕಾರ್ಡಿಂಗ್ ಇದ್ರ ಬಟನ್ ಒತ್ತಿದ್ರ ಮುಗೀತು. ಮನಷ್ಯಾ ಅಂದ್ರ ಮನಷ್ಯಾನ. ತಪ್ಪಿದ್ರ ಹೊಣಿ ನಿಂದು" ಎಂದಿದ್ದಾರೆ. ಮುಂಡರಗಿಯ ಮೊದಲ ಪ್ರಯೋಗ ಸರಿಹೋದರೆ ಮುಂದಿನ ಊರುಗಳಿಗೂ ಧ್ವನಿಯ ಕೆಲಸ ನನ್ನದೇ. ಹೋಗದಿದ್ದರೆ ಸಮೀರನದು.

ನಿಮಗೆ ನೆನಪಿರಲಿ ಎಂದು ಇನ್ನೊಮ್ಮೆ ಬರೆಯುತ್ತೇನೆ. ಕೆರೆಯ ಏರಿ ಒಡೆಯುವ ದೃಶ್ಯ. ತಾಯಿಯ ಪಾತ್ರದ ಶ್ರೀಲಕ್ಷ್ಮೀ ಮಲಗಿದ ಮಗಳನ್ನು ಎಬ್ಬಿಸುತ್ತ "ಏಳ ಮಗಳ, ನೀರು ಬಂತು" ಎನ್ನುತ್ತಾಳೆ. ಆ ಮಾತಿನ ಬೆನ್ನಿಗೇ ಗುಡುಗು. ಗುಡುಗು ಬಂದ ಮೇಲೆ ರಂಗದ ದೀಪ ಆರುತ್ತದೆ. ಕತ್ತಲಲ್ಲಿ ನಾನು ನೀರಿನ ಸದ್ದು ಬಿಡುತ್ತೇನೆ. ಗುಡುಗು ಬರದೆ ಏನೂ ಮುಂದೆ ಹೋಗುವುದಿಲ್ಲ.

ನೀವು ತಾಲೀಮಿನಲ್ಲಿ ನಿಂತ ಬದಿಗೇ ನಿಲ್ಲಿರಿ, ಶ್ರೀಲಕ್ಷ್ಮೀಯ ಮುಖ ಎದುರಿಗೇ ಕಾಣುತ್ತದೆ. ನಿಮ್ಮ ತಗಡಿನ ಪಕ್ಕದಲ್ಲಿ ಒಂದು ಸಣ್ಣ ಕೆಂಪು ದೀಪ ಇಡುತ್ತೇನೆ. ಸಮಯಕ್ಕೆ ಸರಿಯಾಗಿ ನಾನು ಇತ್ತ ಕಡೆಯಿಂದ ಹೊತ್ತಿಸುತ್ತೇನೆ. ಇದು ನಿಮಗಾಗಿಯೇ ಅಂತಲ್ಲ, ಈಗಿನ ನಾಟಕಗಳಲ್ಲಿ ಎಲ್ಲರಿಗೂ ಇಡುತ್ತಾರೆ.

ಪೋಸ್ಟರ್ ಅಚ್ಚಾಗಿ ಬಂದಿದೆ. ನಿಮ್ಮ ಹೆಸರು ದಪ್ಪ ಅಕ್ಷರದಲ್ಲಿದೆ.

ಸುಶ್ಮಿತಾ


ಬೆಳ್ಳಟ್ಟಿ
೧೦-೯-೨೦೨೪

ಸುಶ್ಮಿ,

ಪೋಸ್ಟರನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅಂಟಿಸಿದ್ದೇನೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಿ ಬರುತ್ತೇನೆ, ಹರಿದಿದೆಯೇನೋ ಎಂದು.

ದೀಪದ ಮಾತು ನನಗೆ ಸೇರಲಿಲ್ಲ. ಗುಡುಗುವವನಿಗೆ ದೀಪ ತೋರಿಸುವುದೆಂದರೆ ಗಂಡನಿಗೆ ಹೆಂಡತಿಯ ಗುರುತು ಹೇಳಿಕೊಟ್ಟಂತೆ. ಸುಮ್ಮನೆ ಕಣ್ಣಿಗೆ ಚುಚ್ಚುತ್ತದೆ. ನೀನು ಇಟ್ಟರೆ ಇಡು, ನನ್ನ ಹೆಗಲ ಮೇಲಿನ ಟವೆಲ್ ಇದೆ, ಅದರ ಮುಖ ಮುಚ್ಚಿ ಹಾಕುತ್ತೇನೆ ನೋಡು.

ಯಂತ್ರ ನಂಬಿ ಕೆಟ್ಟವರನ್ನು ಕಂಡಿದ್ದೇನೆ. ಕಂಪನಿಗೆ ಟೇಪು ಬಂದಾಗ ಮಾಲೀಕರು ಗುಡುಗನ್ನು ಕ್ಯಾಸೆಟ್ಟಿಗೆ ತುಂಬಿಸಿ ನನ್ನ ತಗಡಿನ ಮೇಲೆ ಹಪ್ಪಳ ಒಣಹಾಕಿಸಿದರು. ಶಿರಹಟ್ಟಿಯಲ್ಲಿ ಖಳನಾಯಕ ಸಾಯುವಾಗ ಗುಡುಗು ಮುಗಿದು ಅದರ ಹಿಂದಿದ್ದ ಮದುವೆಯ ಸನಾದಿ ಶುರುವಾಯಿತು. ಅವನು ಎದ್ದು ಕೂತು, "ಇನ್ನ ಅಕ್ಷತೆ ಹಾಕ್ರಪ್ಪಾ" ಅಂದ. ಮರುದಿನ ಹಪ್ಪಳ ಕೆಳಗೆ, ತಗಡು ಮೇಲೆ.

ನಿನ್ನ ಕಾಕಿಗೆ ಈಚೆಗೆ ಒಂದು ರೋಗ ಬಂದಿದೆ, ಬೆನ್ನ ಹಿಂದೆ ನಿಂತು ಕಿರುಚುವುದು. "ಕುಕ್ಕರ್ ಕೂಗಿ ಕೂಗಿ ಬ್ಯಾಳಿ ಹೊತ್ತಿತು! ಕಿವ್ಯಾಗ ಹತ್ತಿ ಇಟಗೊಂಡೀರೇನು?" ನಾನು ಹೇಳಿದೆ, "ಸುಮಿತ್ರಾ, ಈಗಿನ ಕುಕ್ಕರ್ದಾಗ ಸೀಟೀನ ಸರಿ ಇಲ್ಲ." ಅವಳು ಏನೋ ಅಂದಳು. ಒಳ್ಳೆಯದಲ್ಲ ಎಂದು ಮುಖದ ಮೇಲೆ ಗೊತ್ತಾಯಿತು.

ಮುಂಡರಗಿಗೆ ಬರುತ್ತೇನೆ. ಮೆಣಸಿನಕಾಯಿ ಒಳಗಿಡಲು ಹೇಳು.

ದ್ಯಾಮಪ್ಪ


ಬೆಟಗೇರಿ
೨೬-೯-೨೦೨೪

ಕಾಕಾ,

ಮುಂಡರಗಿಯಿಂದ ಬರುವಾಗ ಬಸ್ಸಿನಲ್ಲಿ ನೀವು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಆ ಸಭಾಂಗಣದಲ್ಲಿ ಒಂದೇ ಬದಿಗೆ ತಗಡು ತೂಗುಹಾಕಲು ಜಾಗವಿತ್ತು. ನಿಮ್ಮನ್ನು ಅಲ್ಲಿ ನಿಲ್ಲಿಸಿದ್ದರಿಂದ ಶ್ರೀಲಕ್ಷ್ಮೀಯ ಬೆನ್ನು ಮಾತ್ರ ನಿಮಗೆ ಕಾಣುತ್ತಿತ್ತು. ದೀಪದ ಮೇಲೆಯೇ ಎಲ್ಲ ನಿಂತಿತ್ತು, ದೀಪ ಹೊತ್ತಲಿಲ್ಲ. ಆಮೇಲೆ ನೋಡಿದರೆ ತಂತಿ ಸಡಿಲಾಗಿತ್ತು. ನಾನು ಮೊದಲೇ ನೋಡಬೇಕಿತ್ತು. ತಪ್ಪು ನನ್ನದು, ಸರ್‌ಗೂ ಹಾಗೆಯೇ ಹೇಳಿದ್ದೇನೆ.

ಶ್ರೀಲಕ್ಷ್ಮೀ ಆ ಮಾತನ್ನು ಮತ್ತೆ ಮತ್ತೆ ಹೇಳಿ ಕೈ ಮೇಲೆತ್ತಿ ನಿಂತದ್ದು ಕಣ್ಣಿನಿಂದ ಹೋಗುತ್ತಿಲ್ಲ. ಹಿಂದಿನಿಂದ ಯಾರೋ, "ಗುಡುಗು ಹೊಲಕ್ಕ ಹೋಗೇತಿ, ಬರತೈತಿ ತಡಿಯವಾ" ಎಂದು ಕೂಗಿದ. ಕೊನೆಗೆ ಅವಳೇ ಮುಂದಿನ ದೃಶ್ಯಕ್ಕೆ ಜಿಗಿದು, ಸತ್ತ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅಳಲು ಶುರುಮಾಡಿದಳು. ಗುಡುಗು ಆಗ ಬಂತು. ಜನ ನಕ್ಕರು. ಅವಳು ಅಳುತ್ತಲೇ ಇದ್ದಳು, ನಾಟಕದ ಅಳು ಅಲ್ಲ.

ಲಕ್ಷ್ಮೇಶ್ವರದ ಪ್ರಯೋಗಕ್ಕೆ ಎಲ್ಲ ರೆಕಾರ್ಡಿಂಗ್. ಧ್ವನಿ ಸಮೀರನಿಗೆ.

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮದೇನೂ ತಪ್ಪಿಲ್ಲ.

ಸುಶ್ಮಿತಾ


ಬೆಳ್ಳಟ್ಟಿ
೩-೧೦-೨೦೨೪

ಸುಶ್ಮಿ,

ಪತ್ರ ಮುಟ್ಟಿತು. ಹೋಗಲಿ ಬಿಡು. ತಂತಿ ಅಂದ ಮೇಲೆ ಸಡಿಲಾಗುತ್ತದೆ. ನಾನು ಮೊದಲೇ ಹೇಳಿದ್ದೆ, ಯಂತ್ರ ನಂಬಬಾರದು ಎಂದು. ನೀನು ಇನ್ನೂ ಸಣ್ಣವಳು, ಕಲಿಯುತ್ತೀ.

ಶ್ರೀಪಾದ ಮಾಸ್ತರರಿಗೆ ಸಿಟ್ಟು ಇಳಿದ ಮೇಲೆ ಎಲ್ಲ ಸರಿಯಾಗುತ್ತದೆ. ಅಂಥ ಸಿಟ್ಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈ ಸಲ ಬರೆಯಲು ಬಹಳ ಸುದ್ದಿ ಇಲ್ಲ. ಚಹಾದಂಗಡಿಯ ಪೋಸ್ಟರನ್ನು ಬಿಚ್ಚಿದೆ, ಮಳೆಗೆ ತೊಯ್ದಿತ್ತು. ಇಲ್ಲ, ತೊಯ್ದಿರಲಿಲ್ಲ. ನಿನ್ನ ಕಾಕಿ, "ಟವೆಲ್ ಎಲ್ಲಿ ಒಗದ್ರಿ? ಅದಿಲ್ಲದ ಹೊರಗ ಹೊಂಟಿದ್ದು ಎಂದೂ ನೋಡಿಲ್ಲ" ಎಂದು ಕೇಳುತ್ತಾಳೆ. ಪೆಟ್ಟಿಗೆಯ ತಳದಲ್ಲಿದೆ. ಸೆಕೆ ಇಲ್ಲವಲ್ಲ, ಬೇಕಾಗುವುದಿಲ್ಲ ಎಂದೆ. ಹೆಗಲು ಬರಿದೆನಿಸುತ್ತದೆ.

ಕಾಕಿ ಶೇಂಗಾ ಹೋಳಿಗೆ ಕಳಿಸಿದ್ದಾಳೆ. ಬಿಸಿ ಹಾಲಿನ ಜೊತೆ ತಿನ್ನು. ಚೆನ್ನಾಗಿ ತಿನ್ನು.

ದ್ಯಾಮಪ್ಪ


ಬೆಟಗೇರಿ
೧೪-೧೦-೨೦೨೪

ಕಾಕಾ ಅವರಿಗೆ,

ದಸರೆಯ ಬನ್ನಿ ಕೊಟ್ಟು ನಮಸ್ಕರಿಸಲು ಬೆಳ್ಳಟ್ಟಿಗೆ ಬರಲಾಗಲಿಲ್ಲ, ಈ ಪತ್ರದಲ್ಲೇ ಬನ್ನಿಯ ಎಲೆ ಇಟ್ಟಿದ್ದೇನೆ.

ತಂಡ ಬಿಟ್ಟೆ. ಸರ್ ಬಿಡು ಎನ್ನಲಿಲ್ಲ. ಆದರೆ ಬೇರೆಯವರು ಧ್ವನಿ ನೋಡಿಕೊಳ್ಳುವಾಗ ನಾನು ಟಿಕೆಟ್ ಹರಿಯುತ್ತ ನಿಲ್ಲಲಾರೆ. ಗೆಳತಿ ಅಫ್ರೀನಳ ಅಪ್ಪನ ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಮೊದಲ ದಿನವೇ ಒಂದು ಪಾಠ ಕಲಿತೆ: ಹೊಸ ಸೀರೆಯ ಮಡಿಕೆ ಬಿಚ್ಚುವ ಸದ್ದು ಮತ್ತು ಒಣ ಎಲೆಗಳ ಮೇಲೆ ಹಾವು ಹೋಗುವ ಸದ್ದು ಒಂದೇ. ಯಾರಿಗೆ ಹೇಳಲಿ ಎಂದು ನಿಮಗೆ ಬರೆದೆ.

ತಗಡು ನಮ್ಮ ಅಂಗಳದಲ್ಲಿದೆ. ಅವ್ವ ಅದರ ಮೇಲೆ ಸಂಡಿಗೆ ಇಡಲೇ ಎಂದು ಕೇಳುತ್ತಿದ್ದಾಳೆ. ನೀವು ಯಾವಾಗಲಾದರೂ ಬಂದು ಒಯ್ಯಿರಿ.

ಸುಶ್ಮಿತಾ


ಬೆಳ್ಳಟ್ಟಿ
೨೩-೧೦-೨೦೨೪

ಮಗಳೇ ಸುಶ್ಮಿ,

ಇದಕ್ಕೂ ಮೊದಲು ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕಿದೆ. ಅವುಗಳಲ್ಲಿ ನನ್ನ ದೊಡ್ಡಸ್ತಿಕೆ ಇತ್ತು. ಇದರಲ್ಲಿ ಇಲ್ಲ, ಅದಕ್ಕೇ ಸಣ್ಣದಾಗುತ್ತದೆ ಎಂದುಕೊಂಡಿದ್ದೆ, ಆಗುವಂತೆ ಕಾಣುವುದಿಲ್ಲ.

ತಂತಿ ಸಡಿಲಾಗಿರಲಿಲ್ಲ. ನೀನು ಆಮೇಲೆ ನೋಡಿದಾಗ ಯಾರೋ ಕಾಲು ತಾಗಿಸಿ ಸಡಿಲಾಗಿರಬೇಕು. ದೀಪ ಹೊತ್ತಿತ್ತು. ಅದರ ಮೇಲೆ ನನ್ನ ಟವೆಲ್ ಇತ್ತು. ನಾಟಕ ಶುರುವಾಗುವ ಮೊದಲು ಮುಂಡರಗಿಯ ಹಳೆಯ ಗುರುತಿನವರು ನನ್ನನ್ನು ನೋಡಲು ಒಳಗೆ ಬಂದರು. "ಇದೇನ ದ್ಯಾಮಪ್ಪ, ನಿನಗೂ ದೀಪಾ ತೋರಸ್ತಾರ?" ಅಂದರು. ಅವರ ತುಟಿಯ ಮೇಲೆ ಓದಿದೆ. ನಾಚಿಕೆಯಾಯಿತು, ಮುಚ್ಚಿದೆ. ಆಮೇಲೆ ಜನ ನಗುವುದು ಕಂಡಿತು. ಟವೆಲ್ ಎತ್ತಿ ನೋಡಿದರೆ ದೀಪ ಉರಿಯುತ್ತಿತ್ತು, ಟವೆಲ್ ಹೆಗಲಿಗೆ ಹಾಕಿಕೊಂಡು ತಗಡು ಜಗ್ಗಿದೆ. ನೀನು ಮಾಸ್ತರರ ಮುಂದೆ ತಲೆ ತಗ್ಗಿಸಿ ನಿಂತಾಗಲೂ ಅದು ನನ್ನ ಹೆಗಲ ಮೇಲೇ ಇತ್ತು.

ನನಗೆ ಕಿವಿ ಕೇಳಿಸುವುದಿಲ್ಲ. ಕುಕ್ಕರಿನದು ಏನೂ ತಪ್ಪಿಲ್ಲ. ಇಷ್ಟು ವರ್ಷ ಕಿವಿಯ ಪಕ್ಕದಲ್ಲೇ ತಗಡು ಬಾರಿಸಿದವನಿಗೆ ಇದಲ್ಲದೆ ಇನ್ನೇನು ಸಿಗಬೇಕು? ತಾಲೀಮಿನಲ್ಲಿ ಶ್ರೀಲಕ್ಷ್ಮೀಯ ತುಟಿ ನೋಡಿ ಗುಡುಗಿದೆ. ಫೋನಿಗೆ ತುಟಿ ಇರುವುದಿಲ್ಲ.

ನಿನ್ನ ಬನ್ನಿ ಎಲೆ ಬಂದ ಮೇಲೆ ಮನೆಯಲ್ಲಿ ಕೂಡಲಾಗಲಿಲ್ಲ. ಮೊನ್ನೆ ಗದಗ-ಬೆಟಗೇರಿಗೆ ಹೋದೆ. ನಿನಗೆ ತಿಳಿಸಲಿಲ್ಲ, ನಿನ್ನ ಮುಖ ನೋಡಿದರೆ ಬಾಯಿ ಕಟ್ಟುತ್ತಿತ್ತು. ನೇರ ತಾಲೀಮಿನ ಜಾಗಕ್ಕೆ ಹೋಗಿ ಮಾಸ್ತರರ ಮುಂದೆ ನಿಂತು ಹೇಳಿದೆ, "ಸರ್, ದೀಪಾ ಹತ್ತಿತ್ತು. ಮ್ಯಾಲ ನನ್ನ ಟವೆಲ್ ಇತ್ತು. ನನಗ ಕಿವಿ ಕೇಳಂಗಿಲ್ಲ. ಆ ಹುಡಿಗಿದು ಏನೂ ತಪ್ಪಿಲ್ಲ." ಎಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ. ರಸ್ತೆಯಲ್ಲಿ ಹೋಗುವವರೂ ಬಾಗಿಲಿಗೆ ಬಂದು ನಿಂತರು.

ಮಾಸ್ತರರು ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ಅವರ ಮೀಸೆ ತುಟಿಯನ್ನೆಲ್ಲ ಮುಚ್ಚಿದೆ. ಬೈದರೋ, ಬಿಟ್ಟರೋ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿರಿ ಎನ್ನಲು ಧೈರ್ಯವಾಗಲಿಲ್ಲ. ತಲೆ ಅಲ್ಲಾಡಿಸಿ ಕೈ ಮುಗಿದು ಬಂದೆ.

ಮೊದಲ ಪತ್ರದಲ್ಲಿ ಚಾಚಾನ ಹುರಿ ಜಗ್ಗಿದ ಕಥೆ ಬರೆದು ನಗಿಸಿದ್ದೆ. ಜನ ನಕ್ಕಾಗ ಚಾಚಾ ಎಲ್ಲರ ತುಟಿ ನೋಡುತ್ತ ನಿಂತಿದ್ದ. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ಅಷ್ಟನ್ನು ಬಿಟ್ಟು ಬರೆದಿದ್ದೆ.

ನೀನು ತಂಡಕ್ಕೆ ಹೋಗಿ ಕೇಳು. ನಿನ್ನನ್ನು ತಿರುಗಿ ಕರೆದುಕೊಂಡರೆ ನನಗೆ ಪತ್ರ ಬರೆ. ಇಲ್ಲವಾದರೂ ಬರೆ. ತಗಡಿನ ಮೇಲೆ ಸಂಡಿಗೆ ಇಡಲು ಹೇಳು ನಿಮ್ಮವ್ವಗೆ.

ದ್ಯಾಮಪ್ಪ


ಬೆಟಗೇರಿ
೨೮-೧೦-೨೦೨೪

ಕಾಕಾ,

ಸರ್ ನಿಮಗೆ ಏನು ಹೇಳಿದರು ಎಂದು ನನಗೆ ಗೊತ್ತು. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ನನ್ನದು ಮುಗಿಯಲಿ.

ಟವೆಲ್ ಇದ್ದದ್ದು ನಾನು ನೋಡಿದ್ದೆ. ನೀವು ಅತ್ತ, ನಾನು ಇತ್ತ, ನಡುವೆ ಬೆಳಕು ತುಂಬಿದ ರಂಗ. ದೀಪ ಹೊತ್ತಿಸಿದಾಗ ಟವೆಲಿನ ಒಳಗೆ ಕೆಂಪಗೆ ಕಂಡಿತು. ದಾಟಿ ಬರುವ ಹಾಗಿರಲಿಲ್ಲ. ಆದರೆ ಲ್ಯಾಪ್‌ಟಾಪಿನಲ್ಲಿ ಒಂದು ಗುಡುಗು ತುಂಬಿಟ್ಟುಕೊಂಡಿದ್ದೆ, ಯಾರಿಗೂ ಹೇಳದೆ. ಬೆರಳು ಅದರ ಮೇಲೇ ಇತ್ತು. ಒತ್ತಿದ್ದರೆ ನಾಟಕ ಉಳಿಯುತ್ತಿತ್ತು. ಆದರೆ ಆ ಗುಡುಗಿನ ಸದ್ದಿನಲ್ಲಿ ನೀವು ತಗಡು ಹಿಡಿದು ಸುಮ್ಮನೆ ನಿಂತದ್ದನ್ನು ಎಲ್ಲರೂ ನೋಡುತ್ತಿದ್ದರು. ನಿಮ್ಮ ಕಿವಿಯ ಸಂಗತಿ ತಂಡಕ್ಕೆಲ್ಲ ಗೊತ್ತಾಗುತ್ತಿತ್ತು. ಈಗ ನೋಡುತ್ತಾರೆ, ಈಗ ಎಳೆಯುತ್ತಾರೆ ಎಂದು ಕಾದೆ. ಶ್ರೀಲಕ್ಷ್ಮೀ ಅತ್ತಳು.

ನನಗೆ ಮೊದಲ ತಾಲೀಮಿನ ದಿನವೇ ಗೊತ್ತಾಗಿತ್ತು. ಹಿಂದಿನಿಂದ ಎಷ್ಟು ಕರೆದರೂ ನೀವು ತಿರುಗಲಿಲ್ಲ. ಅಂದೇ "ಬೇಡ ಕಾಕಾ" ಎನ್ನಬೇಕಿತ್ತು. ಪೋಸ್ಟರಿಗೆ ಹೆಸರು ಹೋಗಿಯಾಗಿತ್ತು, ಹಳೆಯ ಕಂಪನಿಯ ಗುಡುಗು ಎಂದು ನಾಲ್ಕು ಜನ ನನ್ನ ಬೆನ್ನು ತಟ್ಟಿದ್ದರು. ದೀಪ ಇಟ್ಟು, ಎಲ್ಲರಿಗೂ ಇಡುತ್ತಾರೆ ಎಂದು ಸುಳ್ಳು ಬರೆದೆ. ನೇರವಾಗಿ ಹೇಳಿದ್ದರೆ ನೀವು ಅದನ್ನು ಮುಚ್ಚುತ್ತಿರಲಿಲ್ಲ. ಸಡಿಲಾದ ತಂತಿಯೂ ನಾನು ಕಟ್ಟಿದ ಕಥೆ. ನೀವು ಅದನ್ನು ನಂಬಿದಿರಿ ಎಂದುಕೊಂಡಿದ್ದೆ. ನೀವು, ನಾನು ನಂಬಿದ್ದೇನೆ ಎಂದುಕೊಂಡಿರಿ.

ಇನ್ನು ಸರ್ ಮಾತು. ನಿನ್ನೆ ಅವರೇ ಅಂಗಡಿಗೆ ಬಂದಿದ್ದರು. ಸಮೀರನ ಗುಡುಗು ಚೆನ್ನಾಗಿಯೇ ಇದೆಯಂತೆ. ಆದರೆ ಶ್ರೀಲಕ್ಷ್ಮೀ, "ಅದು ನನ್ನ ಮಾತಿಗೆ ಕಾಯೂದಿಲ್ಲ ಸರ್. ನಾ ಉಸರ ತಗೊಳ್ಳೂದ್ರಾಗ ಬಂದು ಹೋಗ್ತದ" ಎಂದು ದಿನವೂ ಜಗಳವಾಡುತ್ತಿದ್ದಾಳೆ. ಅಂದು ಸರ್ ನಿಮಗೆ ಹೇಳಿದ್ದು ಇದು: "ದ್ಯಾಮಪ್ಪಾ, ಇಷ್ಟು ಹೇಳೋ ಮನಷ್ಯಾನ್ನ ನಾ ಹೆಂಗ ಬಿಡ್ಲಿ? ಲಕ್ಷ್ಮೇಶ್ವರಕ್ಕ ತಗಡು ತಗೊಂಡು ಬರ್ತೀರೇನು? ಸುಶ್ಮಿತಾನ್ನೂ ಕರ್ಕೊಂಡು ಬರೂ ಹೊಣಿ ನಿಮ್ಮದ."

ನೀವು ತಲೆ ಅಲ್ಲಾಡಿಸಿ ಕೈ ಮುಗಿದಿರಂತೆ. ಕಾಕಾ, ನೀವು ಒಪ್ಪಿಕೊಂಡು ಬಂದಿದ್ದೀರಿ!

ಅವ್ವನಿಗೆ ಸಂಡಿಗೆ ಎತ್ತಲು ಹೇಳಿದ್ದೇನೆ. ಈ ಸಲ ದೀಪ ಬೇಡ. ಅಂಗಡಿಯಿಂದ ಗಟ್ಟಿ ಹುರಿ ತಂದಿದ್ದೇನೆ, ರಂಗದ ಹಿಂದಿನಿಂದ ಈ ಬದಿಯಿಂದ ಆ ಬದಿಗೆ ಮುಟ್ಟುತ್ತದೆ. ಇನ್ನೊಂದು ತುದಿ ನನ್ನ ಕೈಯಲ್ಲಿ. ಬರುತ್ತೀರಾ?

ಸುಶ್ಮಿತಾ


ಬೆಳ್ಳಟ್ಟಿ
ದೀಪಾವಳಿ ಪಾಡ್ಯ, ೨-೧೧-೨೦೨೪

ಮಗಳೇ,

ನಿನ್ನ ಪತ್ರವನ್ನು ಸುಮಿತ್ರಾಳಿಗೆ ಓದಿ ಹೇಳಿದೆ. ಅವಳು ಅತ್ತಳು, ಆಮೇಲೆ ನನ್ನ ಮುಂದೆ ಬಂದು ನಿಂತು ನಿಧಾನವಾಗಿ, "ನನಗೂ ಗೊತ್ತಿತ್ತು" ಅಂದಳು. ಕಿರುಚಲಿಲ್ಲ. ಎಲ್ಲರಿಗೂ ಗೊತ್ತಿದೆ ಎಂಬುದು ಗೊತ್ತಿಲ್ಲದವನು ಈ ಮನೆಯಲ್ಲಿ ನಾನೊಬ್ಬನೇ ಇದ್ದೆ.

ಬೆರಳಿನ ಕೆಳಗೆ ಗುಡುಗು ಇಟ್ಟುಕೊಂಡು ಒತ್ತದೆ ಕೂತ ನಿನಗೆ ಬೈಯಬೇಕು. ನಾಟಕ ದೊಡ್ಡದು, ಕಾಕಾ ಅಲ್ಲ. ಲಕ್ಷ್ಮೇಶ್ವರದಲ್ಲಿ ನಾನು ತಪ್ಪಿದರೆ ಒತ್ತು. ಶ್ರೀಲಕ್ಷ್ಮೀಗೆ ಹೇಳು, ಅವಳ ಕಾಲಿಗೆ ಬೀಳುವ ವಯಸ್ಸು ನನ್ನದಲ್ಲ, ಆದರೂ ಬಂದ ಕೂಡಲೇ ಅವಳ ಮುಂದೆ ನಿಲ್ಲುತ್ತೇನೆ. ಪೋಸ್ಟರಿನಲ್ಲಿ ನಿನ್ನ ಹೆಸರು ಮೇಲೆ ಹಾಕಿಸು. ನನ್ನದು ಕೆಳಗಿರಲಿ. ತೀರಾ ಸಣ್ಣದು ಬೇಡ.

ಹುರಿಯನ್ನು ಎಡಗಾಲಿನ ಹೆಬ್ಬೆರಳಿಗೆ ಕಟ್ಟು. ಬಲಗಾಲನ್ನು ಊರಿದರೇ ತಗಡಿಗೆ ಬಲ ಬರುವುದು. ಗಂಟು ನೀನೇ ಹಾಕು, ಬಿಗಿಯಾಗಿರಲಿ, ನೋವಾದರೆ ಆಗಲಿ. ನಾಟಕ ಶುರುವಾಗುವ ಮೊದಲೇ ಕಟ್ಟಿಬಿಡು. ಆ ಹಳೆಯ ಗುರುತಿನವರು ಬಂದರೆ ಬರಲಿ, ಕಾಲು ಚಾಚಿ ತೋರಿಸುತ್ತೇನೆ.

ಜಗ್ಗುವಾಗ ನಾಜೂಕು ಬ್ಯಾಡ, ಹೊಲದಾಗ ಎತ್ತಿನ ಹಗ್ಗ ಜಗ್ಗಿದಂಗ ಜಗ್ಗು. ಆದ್ರ ಸುಶ್ಮಿ, ಹುಡುಗಾಟಕ್ಕ ಮಾತ್ರ ಜಗ್ಗಬ್ಯಾಡ.

ನಿನ್ನ ಕಾಕಾ
ದ್ಯಾಮಪ್ಪ